ಎಮ್ಮೆ ಕಟ್ಟುವ ಕಂಬ

ಕೀಲುಮಾಮನ ಮನೆಯ ಅಂಗಳದಲ್ಲಿ ಒಂದು ಮರದ ಕಂಬವಿತ್ತು. ಎದೆಮಟ್ಟದ ಎತ್ತರ, ಗಟ್ಟಿಮುಟ್ಟಾದ ಗಂಡಸಿನ ತೊಡೆಯಷ್ಟು ದಪ್ಪ. ಅವನ ಅಬ್ಬಾ ಅದನ್ನು ನೆಟ್ಟದ್ದು ಎಮ್ಮೆ ಕಟ್ಟಲಿಕ್ಕೆ. ಹನ್ನೆರಡು ವರ್ಷ ಆ ಎಮ್ಮೆ ಕತ್ತು ತುರಿಸಿಕೊಂಡು ತುರಿಸಿಕೊಂಡು ಕಂಬದ ಒಂದು ಮಗ್ಗುಲನ್ನು ಎಣ್ಣೆ ಹಚ್ಚಿ ಉಜ್ಜಿದ ಹಾಗೆ ನುಣ್ಣಗೆ ಮಾಡಿ, ವಯಸ್ಸಾಗಿ, ಯಾರಿಗೂ ತೊಂದರೆ ಕೊಡದೆ ಒಂದು ಮಧ್ಯಾಹ್ನ ಸತ್ತುಹೋಯಿತು.

ಎಮ್ಮೆ ಹೋದ ಮೇಲೆ ಕಂಬವನ್ನು ಕಿತ್ತು ಒಲೆಗೆ ಹಾಕಬಹುದಿತ್ತು. ಆದರೆ ಅಬ್ಬಾ ಸುತ್ತಲ ಏಳೆಂಟು ಹಳ್ಳಿಗೆಲ್ಲ ಕೀಲು ಕೂರಿಸುವವರು. ತಪ್ಪಿದ ಹೆಗಲನ್ನು ಜಾಗಕ್ಕೆ ತರಬೇಕಾದರೆ ಕೈಯನ್ನು ಬಲವಾಗಿ ಎಳೆಯಬೇಕು. ಎಳೆದರೆ ಕೈಯ ಹಿಂದೆಯೇ ಇಡೀ ಮನುಷ್ಯ ಎದ್ದು ಬರುತ್ತಾನೆ. ಹಾಗೆ ಬರದಂತೆ ಅವನು ಇನ್ನೊಂದು ಕೈಯಲ್ಲಿ ಏನನ್ನಾದರೂ ತಬ್ಬಿಕೊಂಡಿರಬೇಕು. "ಕಂಬ ಹಿಡ್ಕೋ ಮಗಾ, ಏನೇ ಆದ್ರೂ ಬಿಡ್ಬೇಡ" ಎನ್ನುತ್ತಿದ್ದರು ಅಬ್ಬಾ. ನೋವಿನವನು ಕಂಬ ಅಪ್ಪಿ ಕಣ್ಣು ಮುಚ್ಚಿದ ಕೂಡಲೇ, ನೆನಪಾಯಿತು ಎಂಬಂತೆ, "ಅಂದ ಹಾಗೆ ನಿಮ್ಮತ್ತೆ ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಅವನು ಅತ್ತೆಯ ವಿಚಾರ ಶುರುಮಾಡುವಷ್ಟರಲ್ಲಿ ಒಂದು ಎಳೆತ, ಟಕ್ ಎಂಬ ಸದ್ದು, ಒಂದು ಕೂಗು, ಅಲ್ಲಿಗೆ ಮುಗಿಯಿತು. ಯಾರಾದರೂ ಅವರ ಕೈ ಕಣ್ಣಿಗೊತ್ತಿಕೊಳ್ಳಲು ಬಂದರೆ ಕೈ ಹಿಂದಕ್ಕೆ ಎಳೆದುಕೊಂಡು, "ನಾನು ಎಳೆದೆ ಅಷ್ಟೆ. ಕೂರಿಸಿದೋನು ಮೇಲಿದ್ದಾನೆ, ಅವನಿಗೆ ಹೇಳು" ಎನ್ನುತ್ತಿದ್ದರು.

ಇದು ಗಂಡಸರ ಲೆಕ್ಕ. ಹೆಂಗಸರ ಕೀಲು ತಪ್ಪಿದರೆ ಅವರು ಅಂಗಳಕ್ಕೆ ಬರುತ್ತಿರಲಿಲ್ಲ. ಒಳಕೋಣೆಯಲ್ಲಿ ಪರದೆಯ ಹಿಂದೆ ಅಮ್ಮ ಅವರಿಗೆ ಮಂಚದ ಕಾಲು ಹಿಡಿಸಿ ಎಳೆಯುತ್ತಿದ್ದಳು. ಅವಳದು ಅತ್ತೆ, ಮಾವ ಯಾರ ಸುದ್ದಿಯೂ ಇಲ್ಲದ ನೇರ ಎಳೆತ.

ಅಬ್ಬಾ ತೀರಿಕೊಂಡು ಎರಡು ವರ್ಷವಾಗಿತ್ತು. ಸಾಯುವ ಮುಂಚೆ, "ನನ್ನ ಮೇಲೆ ಕಲ್ಲು, ಕಟ್ಟೆ ಏನೂ ಕಟ್ಟಬೇಡಿ. ಮಣ್ಣು ಸಾಕು. ಜನ ಸುಮ್ನಿರಲ್ಲ, ನಾಳೆ ನನ್ನ ಹತ್ರ ಮೊಣಕಾಲು ನೋವಿಗೆ ಹರಕೆ ಹೊತ್ಕೊಂಡು ಬರ್ತಾರೆ" ಎಂದು ಮಗನ ಕೈಯಲ್ಲಿ ಮಾತು ತೆಗೆದುಕೊಂಡಿದ್ದರು. ಗೋರಿಯ ಬಗ್ಗೆ ಅಷ್ಟು ದೂರ ಯೋಚಿಸಿದ ಮನುಷ್ಯ ಕಂಬದ ಬಗ್ಗೆ ಯೋಚಿಸಿರಲಿಲ್ಲ.

ಕೆಲಸ ಮಗನಿಗೆ ಬಂತು, ಕೀಲುಮಾಮ ಎಂಬ ಹೆಸರೂ ಬಂತು. ನಲವತ್ತೈದರ ಆಳು, ಅಗಲ ಎದೆ, ಬೆರಳುಗಳು ಚರ್ಮದ ಮೇಲೆ ಓಡಾಡಿದರೆ ಒಳಗಿನ ಎಲುಬು ತಾನಾಗಿ ಮಾತಾಡುತ್ತಿತ್ತು. ತನ್ನ ಕೈ ಅಬ್ಬಾನ ಕೈಗಿಂತ ಒಂದು ತೂಕ ಮೇಲೆ ಎಂದು ಅವನಿಗೆ ಒಳಗೊಳಗೇ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ.

ಶುರುವಾದದ್ದು ಕ್ಷೌರದವನಿಂದ. ದಿನವಿಡೀ ಕೈ ಎತ್ತಿ ಕೆಲಸಮಾಡುವವನಿಗೆ ಹೆಗಲು ಹಿಡಿದುಕೊಂಡಿತ್ತು. ಅವನು ಬಂದಾಗ ಕೀಲುಮಾಮ ಊಟಕ್ಕೆ ಕೂತಿದ್ದ. ಕಾದು ಬೇಸರವಾಗಿ ಕ್ಷೌರದವನು ಕಂಬ ಹಿಡಿದುಕೊಂಡು ಒಂದು ದೊಡ್ಡ ಆಕಳಿಕೆ ತೆಗೆದು ಮೈ ಮುರಿದ. ಹೆಗಲೊಳಗೆ ಏನೋ ಚಟಕ್ ಅಂದಿತು. ನೋವು ಹೋಯಿತು! ಕೀಲುಮಾಮ ಕೈ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಆಸಾಮಿ ಕಂಬದ ಮುಂದೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ.

"ದೊಡ್ಡವರು ಹೋದ್ರೂ ಅವರ ಕೈ ಇಲ್ಲೇ ಇದೆ ಮಾಮಾ" ಎಂದ.

"ಅದು ಎಮ್ಮೆ ಕಟ್ಟೋ ಕಂಬ ಕಣಣ್ಣಾ" ಎಂದ ಕೀಲುಮಾಮ.

ಕ್ಷೌರದವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಅವನ ಅಂಗಡಿಗೆ ಗಡ್ಡ ಕೊಟ್ಟು ಕೂತ ಪ್ರತಿಯೊಬ್ಬನೂ ಕಂಬದ ಕತೆಯನ್ನು ಪೂರ್ತಿ ಕೇಳಬೇಕಾಯಿತು. ಕತ್ತಿಯ ಕೆಳಗೆ ಗಂಟಲು ಇಟ್ಟುಕೊಂಡವನು ಇಲ್ಲ ಎಂದು ತಲೆ ಆಡಿಸುವಂತಿಲ್ಲ. ಹೀಗೆ ಊರಿನ ಗಂಡಸರೆಲ್ಲ ಒಪ್ಪಿದ ಹಾಗಾಯಿತು.

ತಿಂಗಳೊಪ್ಪತ್ತಿನಲ್ಲಿ ಕಂಬಕ್ಕೆ ದಾರ ಬಂತು, ದಾರದ ಹಿಂದೆ ಎಣ್ಣೆ ಬಂತು, ಎಣ್ಣೆಯ ಹಿಂದೆ ತರಕಾರಿ ಮಾರುವವಳು ಹಸಿರು ಬಟ್ಟೆಯ ತುಂಡು ತಂದು ಅದರ ತಲೆಗೆ ಸುತ್ತಿ ಹೋದಳು. ಎಮ್ಮೆ ತಿಕ್ಕಿದ ಮಗ್ಗುಲನ್ನು ಜನ ಬೆರಳಿನಿಂದ ಸವರಿ ಕಣ್ಣಿಗೆ ಒತ್ತಿಕೊಳ್ಳತೊಡಗಿದರು. ಕೀಲುಮಾಮ ಜಗಲಿಯಿಂದ ಏಳಲು ಹೋದರೆ, "ನೀವು ಕೂತ್ಕೊಳ್ಳಿ ಮಾಮಾ, ಏಳಬೇಡಿ. ನಾವು ಕಂಬ ಹಿಡ್ಕೊಂಡು ಹೊರಟ್ವಿ" ಎನ್ನುತ್ತಿದ್ದರು. ಪರವೂರಿನವನೊಬ್ಬ ಅವನನ್ನು ಕಂಬ ಕಾಯುವ ಆಳೆಂದು ತಿಳಿದು, ಚಪ್ಪಲಿ ನೋಡಿಕೊಳ್ಳಲು ಹೇಳಿ ಹೋದ. ಕೀಲುಮಾಮ ನೋಡಿಕೊಂಡದ್ದೂ ಆಯಿತು.

ತರಕಾರಿಯವಳಿಗೆ ಅವನು ಸಮಾಧಾನದಿಂದಲೇ ಹೇಳಿದ. "ಅಕ್ಕಾ, ನೀವು ಹೀಗೆ ಮಾಡಬಾರದು. ಕೊಡೋನು ಅಲ್ಲಾಹ್ ಒಬ್ಬನೇ. ಇದು ಸೌದೆ. ಎಮ್ಮೆ ಕಟ್ಟುತ್ತಿದ್ವಿ ಇದಕ್ಕೆ."

ಅವಳು ಸೊಪ್ಪಿನ ಕಟ್ಟಿನ ನೀರು ಕೊಡವುತ್ತಾ ಯೋಚಿಸಿದಳು. "ಆ ಎಮ್ಮೆಗೆ ಯಾವತ್ತಾದ್ರೂ ಕಾಲು ಮುರಿದಿತ್ತಾ?"

"ಇಲ್ಲ."

"ಹೋಗ್ಲಿ, ಉಳುಕಿತ್ತಾ?"

"ಇಲ್ಲ... ಆದ್ರೆ..."

"ಮತ್ತೆ ನೋಡಿ!" ಎಂದು ಅವಳು ಬುಟ್ಟಿ ಹೊತ್ತು ನಡೆದಳು.

ಇನ್ನು ಇದು ತನ್ನಿಂದಾಗದು ಎಂದು ಕೀಲುಮಾಮ ಮಸೀದಿಯ ಇಮಾಮರ ಹತ್ತಿರ ಹೋದ. ಇಮಾಮರು ತೆಳ್ಳಗಿನ, ಜಗಳ ಎಂದರೆ ಹೊಟ್ಟೆ ಕೆಡುವ ಮನುಷ್ಯ. ಎಲ್ಲ ಕೇಳಿ, "ಈ ಶುಕ್ರವಾರ ಹೇಳ್ತೀನಿ" ಎಂದರು. ಶುಕ್ರವಾರ ಹೇಳಿದರು ಕೂಡ. 'ಅಲ್ಲಾಹ್ ಹೊರತು ಬೇರೆ ದೇವರಿಲ್ಲ' ಎಂಬ ನಮ್ಮ ನಂಬಿಕೆಯ ಮಾತು ಅರಬ್ಬಿಯಲ್ಲಿ ಶುರುವಾಗುವುದೇ 'ಇಲ್ಲ' ಎಂಬುದರಿಂದ, ಮೊದಲು ಸುಳ್ಳು ದೇವರುಗಳನ್ನೆಲ್ಲ ಇಲ್ಲ ಅನ್ನಬೇಕು, ಆಮೇಲೆ ಒಬ್ಬನನ್ನು ಹೌದು ಅನ್ನಬೇಕು. ಜಾಗ ಖಾಲಿ ಮಾಡದೆ ಹೌದು ಎಂದರೆ ಅವನೆಲ್ಲಿ ಕೂರಬೇಕು ಎಂದು ವಿವರಿಸಿದರು. ಇಬ್ರಾಹೀಮ್ ಪೈಗಂಬರರು ಕೊಡಲಿ ತೆಗೆದುಕೊಂಡು ವಿಗ್ರಹಗಳನ್ನು ಒಡೆದದ್ದನ್ನು ಚೆನ್ನಾಗಿ ವರ್ಣಿಸಿದರು. ಕಂಬ ಎಂಬ ಒಂದು ಶಬ್ದ ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ಜನ ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವನು ಕ್ಷೌರದವನು. ಮಸೀದಿಯಿಂದ ನೇರ ಕೀಲುಮಾಮನ ಅಂಗಳಕ್ಕೆ ಬಂದು, "ಅದ್ಭುತವಾಗಿ ಹೇಳಿದ್ರು ಮಾಮಾ. ಕೂತು ಕೂತು ಬೆನ್ನು ಹಿಡೀತು ಅಷ್ಟೆ" ಎಂದು ಕಂಬ ತಬ್ಬಿಕೊಂಡು ನಿಂತ.

ಅಂದು ಕೀಲುಮಾಮನಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆಯ ಮುಂದೆ ಕೂತು ಕೇಳಿದಳು, "ಏನ್ರೀ ನಿಮಗೆ ಇಷ್ಟೊಂದು ಸಂಕಟ?"

"ಸಂಕಟ ಆಗದೆ ಇನ್ನೇನು? ಅಲ್ಲಾಹನಿಗೆ ಸಲ್ಲಬೇಕಾದ್ದನ್ನ ಒಂದು ಸೌದೆಗೆ ಕೊಡ್ತಿದ್ದಾರೆ."

"ಹೌದು, ತಪ್ಪೇ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಆ ಜನ ಎಲ್ಲಾ ಕಂಬ ಬಿಟ್ಟು ನಿಮ್ಮ ಕೈ ಹಿಡ್ಕೊಂಡು, 'ಮಾಮಾ, ನೀವಿಲ್ಲದಿದ್ರೆ ನಮಗೆ ಗತಿ ಇರಲಿಲ್ಲ' ಅಂತ ಕಣ್ಣಿಗೊತ್ತಿಕೊಂಡ್ರೆ ಆಗಲೂ ನಿಮಗೆ ಊಟ ಸೇರಲ್ವಾ?"

ಕೀಲುಮಾಮ ತಟ್ಟೆ ನೋಡಿದ, ಗೋಡೆ ನೋಡಿದ. "ಉಪ್ಪು ಕಮ್ಮಿ ಆಗಿದೆ" ಎಂದ. ಉಪ್ಪು ಸರಿಯಾಗಿಯೇ ಇತ್ತು.

ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿದುಕೊಂಡಿತು. ಅದನ್ನು ಕಿತ್ತು ನೋಡುವ ಮುಂಚೆಯೇ ಗಾಡಿಯವನು ಬಂದ.

ಗಾಡಿಯವನದು ಬಡ ಸಂಸಾರ. ಎರಡು ವಾರದ ಹಿಂದೆ ಗಾಡಿಯಿಂದ ಬಿದ್ದು ಬಲ ಮೊಣಕೈ ಕೀಲು ತಪ್ಪಿತ್ತು. ಕೀಲುಮಾಮ ಪಕ್ಕದ ಹಳ್ಳಿಗೆ ಹೋಗಿದ್ದ ದಿನ ಬಂದು, ಕಂಬ ಹಿಡಿದು, ದಾರ ಕಟ್ಟಿ ಹೋಗಿದ್ದ. ಮತ್ತೆರಡು ಸಲ ಬಂದು ಹಿಡಿದು ಹೋಗಿದ್ದನಂತೆ. ಈಗ ಕೈ ಬಾಗದ ಕೊರಡಿನ ಹಾಗೆ ನೇತಾಡುತ್ತಿತ್ತು. ಜೊತೆಗೆ ಬಂದ ಹೆಂಡತಿ ಹೇಳಿದಳು, "ತುತ್ತು ಬಾಯಿಗೆ ಹೋಗಲ್ಲ ಮಾಮಾ. ಎತ್ತುಗಳ ಹಗ್ಗ ಹಿಡಿಯೋಕೆ ಆಗಲ್ಲ. ಕಂಬಕ್ಕೆ ಇನ್ನೇನಾದ್ರೂ ಮಾಡಬೇಕಿತ್ತಾ ಅಂತ ಕೇಳೋಕೆ ಬಂದ್ವಿ."

ಕೀಲುಮಾಮ ಮೊಣಕೈ ಮುಟ್ಟಿ ನೋಡಿದ. ಬಿದ್ದ ದಿನವೇ ಆಗಿದ್ದರೆ ವೀಳ್ಯದೆಲೆ ಮಡಚುವಷ್ಟರಲ್ಲಿ ಕೂರಿಸಬಹುದಿತ್ತು. ಈಗ ತಪ್ಪಿದ ಜಾಗದಲ್ಲೇ ಮಾಂಸ ಬಿಗಿದುಕೊಂಡಿದೆ. ಮೊದಲು ಆ ಬಿಗಿತವನ್ನು ಹರಿದು ಬಿಡಿಸಬೇಕು, ಆಮೇಲೆ ಕೂರಿಸಬೇಕು. ಇನ್ನು ಎರಡು ವಾರ ಹೋದರೆ ಯಾರ ಕೈಯಿಂದಲೂ ಆಗದು. ಹಗ್ಗ ಹಿಡಿಯಲಾಗದ ಗಾಡಿಯವನಿಗೆ ಮುಂದೆ ಏನಿದೆ?

ಅಂಗಳದಲ್ಲಿ ಏಳೆಂಟು ಜನರಿದ್ದರು. ಕ್ಷೌರದವನಿದ್ದ, ತರಕಾರಿಯವಳಿದ್ದಳು. ಆ ದಾರಿಯಲ್ಲಿ ಹೋಗುತ್ತಿದ್ದ ಇಮಾಮರೂ ಸಲಾಮ್ ಹೇಳಲು ನಿಂತಿದ್ದರು. ಕೀಲುಮಾಮ ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗಿ ಕೊಡಲಿ ತಂದ.

"ಮಾಮಾ, ಬೇಡ!" ಎಂದ ಕ್ಷೌರದವನು.

"ಇವತ್ತು ಇದಿರಬೇಕು, ಇಲ್ಲ ನಾನಿರಬೇಕು" ಎಂದು ಕೀಲುಮಾಮ ಹಸಿರು ಬಟ್ಟೆ ಕಿತ್ತೆಸೆದು ಮೊದಲ ಪೆಟ್ಟು ಹಾಕಿದ.

ಒಂದು ಚಕ್ಕೆ ಹಾರಿತು. ಅದು ನೆಲಕ್ಕೆ ಬೀಳುವ ಮುಂಚೆಯೇ ತರಕಾರಿಯವಳು ಸೆರಗಿನಲ್ಲಿ ಹಿಡಿದಳು. ಎರಡನೇ ಪೆಟ್ಟಿಗೆ ಮೂರು ಚೂರು ಹಾರಿದವು. ನಾಲ್ಕು ಜನ ಬಗ್ಗಿದರು. ಮೂರನೇ ಪೆಟ್ಟಿಗೆ ಜನ ಸಾಲಾಗಿ ನಿಂತರು. "ಸ್ವಲ್ಪ ಈ ಕಡೆ ಹೊಡೀರಿ ಮಾಮಾ, ನುಣ್ಣಗಿರೋ ಕಡೆ," ಎಂದು ಯಾರೋ ವಿನಯದಿಂದ ಕೇಳಿದರು. ಒಂದು ಕಂಬ ನಿಂತಿದ್ದಾಗ ಒಂದೇ ಕಂಬವಿತ್ತು. ಈಗ ಊರಿನ ಮನೆಮನೆಗೂ ಒಂದೊಂದು ಆಗುವ ಹಾಗೆ ಕಂಡಿತು. ಕೀಲುಮಾಮನಿಗೆ ತಲೆ ಸುತ್ತಿ ಬಂತು. ಹಲ್ಲು ಕಚ್ಚಿ, ಇದ್ದ ಬಲವೆಲ್ಲ ಹಾಕಿ ನಾಲ್ಕನೇ ಪೆಟ್ಟು ಕೊಟ್ಟ. ಕೊಡಲಿ ಮರದ ಗಂಟಿಗೆ ಹೋಗಿ ಕಚ್ಚಿಕೊಂಡಿತು. ಕೀಳಲು ಜಗ್ಗಿದ. ಬರಲಿಲ್ಲ. ಬಲಗೈಯನ್ನು ಅಡ್ಡಕ್ಕೆ ಚಾಚಿ ಕೊಡಲಿಯ ಹಿಡಿಯ ತುದಿ ಹಿಡಿದು, ಮೈ ತಿರುಗಿಸಿ ಇನ್ನೊಮ್ಮೆ ಜಗ್ಗಿದ.

ಕೊಡಲಿ ಇದ್ದಲ್ಲೇ ಇತ್ತು. ಹೆಗಲು ಕಳಚಿತು.

ಅಬ್ಬಾನ ಜೊತೆ ಕೆಲಸಕ್ಕೆ ನಿಂತಂದಿನಿಂದ ಇಪ್ಪತ್ತೈದು ವರ್ಷ ಇನ್ನೊಬ್ಬರ ಮೈಯಲ್ಲಿ ಕೇಳುತ್ತಿದ್ದ ಆ ಸದ್ದನ್ನು ಕೀಲುಮಾಮ ತನ್ನ ಮೈಯೊಳಗೆ ಕೇಳಿದ. ನೆಲಕ್ಕೆ ಕುಸಿದು ಕೂತ. 

"ಹಿಡ್ಕೊಂಡ್ಬಿಡ್ತು!" ಎಂದು ಕ್ಷೌರದವನು ಪಿಸುಗುಟ್ಟಿದ. "ಕಂಬ ಹಿಡ್ಕೊಂಡ್ಬಿಡ್ತು ಅವರನ್ನ!"

"ಬಾಯ್ಮುಚ್ಚೋ!" ಎಂದು ಕೀಲುಮಾಮ ನರಳಿದ.

ಸುತ್ತಲ ಏಳೆಂಟು ಹಳ್ಳಿಯ ಗಂಡಸರಿಗೆ ಕೀಲು ಕೂರಿಸುವವನು ಅವನೊಬ್ಬನೇ. ಬಲಗೈ ಇಲ್ಲದೆ ಅವನು ಯಾರಿಗೂ ಏನೂ ಅಲ್ಲ. ತನಗೆ ತಾನೇ ಎಳೆದುಕೊಳ್ಳಲು ಸಾಧ್ಯವಿಲ್ಲ. ತಡಮಾಡಿದಷ್ಟೂ ಹೆಗಲು ಬಿಗಿಯುತ್ತದೆ. ಅದು ಅವನಿಗೆ ಬೇರೆಯವರು ಹೇಳಬೇಕಾದ ವಿಷಯವಲ್ಲ. ಅಷ್ಟರಲ್ಲಿ ಗದ್ದಲ ಕೇಳಿ ಅಮ್ಮ ಒಳಗಿನಿಂದ ಬಂದಳು. ಎಪ್ಪತ್ತು ದಾಟಿದವಳು, ಬೆನ್ನು ಬಾಗಿದ್ದರೂ ಮುಂಗೈ ಇನ್ನೂ ಗಟ್ಟಿ. ಮಗನ ಹೆಗಲ ಮೇಲೆ ಎರಡು ಬೆರಳಿಟ್ಟು ನೋಡಿದಳು.

"ಕಳಚಿದೆ. ಎಳೀಬೇಕು. ಕಂಬ ಹಿಡ್ಕೋ."

"ಕಂಬ ಹಿಡಿಯಲ್ಲ."

"ಹಿಡ್ಕೋಳೋ ಅಂದ್ರೆ!"

"ಅಮ್ಮಾ, ಅರ್ಥ ಮಾಡ್ಕೋ. ಈ ಕ್ಷೌರದವನು ನೋಡ್ತಿದ್ದಾನೆ. ನಾನು ಕಂಬ ಹಿಡಿದು ಹೆಗಲು ಕೂತ್ರೆ, ನಾನು ಸತ್ತು ಮಣ್ಣಾದ ಮೇಲೂ ಇವನ ಮೊಮ್ಮಕ್ಕಳು ಗಡ್ಡ ಕೆರೀತಾ ಇದೇ ಕತೆ ಹೇಳ್ತಾರೆ."

ಕ್ಷೌರದವನು ಹೌದೆಂಬಂತೆ ತಲೆ ಆಡಿಸಿದ.

"ಹಾಗಾದ್ರೆ ಒಳಗೆ ಬನ್ನಿ, ಮಂಚದ ಕಾಲು ಹಿಡೀರಿ" ಎಂದಳು ಹೆಂಡತಿ.

"ಇವನ ಭಾರಕ್ಕೆ ಮಂಚವೇ ಇವನ ಜೊತೆ ಎದ್ದು ಬರುತ್ತೆ" ಎಂದಳು ಅಮ್ಮ. "ಬಾವಿಕಟ್ಟೆ?"

ಎಲ್ಲರೂ ಬಾವಿಕಟ್ಟೆಯ ಕಡೆ ನೋಡಿದರು. ತರಕಾರಿಯವಳು ಅದನ್ನು ಸ್ವಲ್ಪ ಹೆಚ್ಚೇ ಭಕ್ತಿಯಿಂದ ನೋಡಿದಳು. "ಬೇಡ, ಬೇಡ" ಎಂದ ಕೀಲುಮಾಮ. "ನಾಳೆಯಿಂದ ನೀರು ಸೇದೋಕೆ ಬಿಡಲ್ಲ ಇವರು."

"ಬೇಲಿ ಹತ್ರ ಇರೋ ಆ ಮರ?" ಎಂದಳು ಹೆಂಡತಿ.

"ಅದಕ್ಕೂ ಬಟ್ಟೆ ಸುತ್ತಾರೆ."

ಕೀಲುಮಾಮ ಬೆವರು ಸುರಿಸುತ್ತಾ ಇಮಾಮರ ಕಡೆ ತಿರುಗಿದ. "ಹಜರತ್, ನಿಮ್ಮ ಸೊಂಟ ಕೊಡ್ತೀರಾ?"

ಇಮಾಮರು ಎರಡು ಹೆಜ್ಜೆ ಹಿಂದೆ ಸರಿದರು. "ನನ್ನ ಸೊಂಟವಾ? ನಾಳೆ ಜನ ಬಂದು ನನ್ನನ್ನೇ ತಬ್ಕೊಂಡು ನಿಂತ್ರೆ ನಾನು ನಮಾಜ್ ಮಾಡಿಸೋದು ಹೇಗಪ್ಪಾ?"

ನೋವು ಹೆಗಲಿನಿಂದ ಕತ್ತಿಗೆ, ಕತ್ತಿನಿಂದ ಕಣ್ಣಿಗೆ ಏರುತ್ತಿತ್ತು. ಕೀಲುಮಾಮ ಅಂಗಳದಲ್ಲಿ ಕಣ್ಣಾಡಿಸಿದ. ಗಟ್ಟಿಯಾಗಿ ನೆಲದಲ್ಲಿ ಹೂತಿರಬೇಕು. ಆದರೆ ಯಾವ ಕಾಲಕ್ಕೂ ಯಾವ ಹುಚ್ಚನೂ ಅದಕ್ಕೆ ತಲೆಬಾಗಬಾರದು. ಅಂಥದ್ದು ಲೋಕದಲ್ಲಿ ಏನಿದೆ? ಹಿತ್ತಿಲ ಮೂಲೆಯಲ್ಲಿ ಅವನ ಕಣ್ಣು ನಿಂತಿತು.

"ಕಕ್ಕಸಿನ ಬಾಗಿಲು" ಎಂದ.

ಇಮಾಮರ ಮುಖ ಅರಳಿತು. "ಒಳ್ಳೇ ಜಾಗ! ಅಲ್ಲಿ ಅಲ್ಲಾಹನ ಹೆಸರು ಕೂಡ ಎತ್ತಬಾರದು. ಅಲ್ಲಿ ಯಾರು ಏನು ಹರಕೆ ಹೊತ್ತಾರು?"

ಹೀಗೆ ಮೆರವಣಿಗೆ ಹಿತ್ತಿಲಿಗೆ ಹೊರಟಿತು. ಮುಂದೆ ಅಮ್ಮ, ಅವಳ ಹಿಂದೆ ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡ ಕೀಲುಮಾಮ, ಹೆಂಡತಿ, ಇಮಾಮರು, ಕೊನೆಗೆ ಮರದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದ ಜನ. ಕಕ್ಕಸಿನ ಚೌಕಟ್ಟು ಕಲ್ಲಿನ ಗೋಡೆಯಲ್ಲಿ ಕೂರಿಸಿದ ಗಟ್ಟಿ ಮರ. ಕೀಲುಮಾಮ ನೆಲದಲ್ಲಿ ಕೂತು ಎಡಗೈಯಿಂದ ಅದನ್ನು ತಬ್ಬಿಕೊಂಡ. ಜನ ಮೂಗು ಮುಚ್ಚಿಕೊಂಡು ಅರ್ಧ ಚಂದ್ರಾಕಾರವಾಗಿ ನಿಂತರು. ಅಮ್ಮ ಅವನ ಬಲಗೈಯ ಮಣಿಕಟ್ಟಿಗೆ ಟವೆಲು ಸುತ್ತಿ, ಹಿಡಿತ ಸರಿಮಾಡಿಕೊಂಡು, ತನ್ನ ಅಂಗಾಲನ್ನು ಮಗನ ಕಂಕುಳಿಗೆ ಒತ್ತಿ ಕೂತಳು.

"ಅಮ್ಮಾ, ಮೊದಲು ನಿಧಾನಕ್ಕೆ ಕೆಳಗೆ ಎಳೆದು, ಆಮೇಲೆ ಸ್ವಲ್ಪ ಹೊರಗೆ ತಿರುಗಿಸು."

"ನಿನ್ನನ್ನ ಹೆತ್ತಾಗ ನೀನೇನಾದ್ರೂ ಹೇಳಿಕೊಟ್ಟಿದ್ಯಾ? ಸುಮ್ನೆ ಕೂತ್ಕೋ. ಅದಿರ್ಲಿ, ಅವತ್ತು ಊಟದ ಹೊತ್ತಿನಲ್ಲಿ ನಿನ್ನ ಹೆಂಡತಿ ಒಂದು ಮಾತು ಕೇಳಿದ್ಳಲ್ಲ. ಕಂಬ ಬಿಟ್ಟು ನಿನ್ನ ಕೈ ಹಿಡಿದ್ರೆ ಆಗಲೂ ಊಟ ಸೇರಲ್ವಾ ಅಂತ. ಅದಕ್ಕೆ ಏನಂದೆ ನೀನು?"

ಗೋಡೆಯ ಆ ಕಡೆಯಿಂದ ಅವಳು ಎಲ್ಲ ಕೇಳಿಸಿಕೊಂಡಿದ್ದಳು. ಕೀಲುಮಾಮನಿಗೆ ನೋವು ಒಂದು ಕ್ಷಣ ಮರೆತೇಹೋಯಿತು. ಎಲ್ಲರ ಮುಂದೆ, ಕಕ್ಕಸಿನ ಬಾಗಿಲಲ್ಲಿ, ಈ ಪ್ರಶ್ನೆ! ಸುಳ್ಳು ಹೇಳುವ ಹಾಗಿಲ್ಲ, ನಿಜ ಹೇಳುವ ಹಾಗೂ ಇಲ್ಲ. "ಅದು ಹಾಗಲ್ಲಮ್ಮಾ, ನಾನು..." ಎಂದು ಬಾಯಿ ತೆರೆದ.

ಅಮ್ಮ ಎಳೆದಳು.

ಯಾ ಅಲ್ಲಾಹ್ ಎಂಬುದು ಗಂಟಲಿನವರೆಗೆ ಬಂದಿತ್ತು. ಕೂತ ಜಾಗ ನೆನಪಾಗಿ ಕೀಲುಮಾಮ ಅದನ್ನು ನುಂಗಿಕೊಂಡು "ಅಮ್ಮಾ!" ಎಂದು ಕೂಗಿದ ಕೂಗು ಬೀದಿಯ ಕೊನೆಗೆ ಕೇಳಿಸಿತು. ಟಕ್ ಅಂದಿತು. ಹೆಗಲು ಜಾಗದಲ್ಲಿತ್ತು.

ಬಾಗಿಲಿನಿಂದ ಹತ್ತು ಹೆಜ್ಜೆ ಈಚೆಗೆ ಕರೆತಂದ ಮೇಲೆ ಅವನು ನುಂಗಿದ್ದನ್ನೂ ಸೇರಿಸಿ ಅಲ್ಲಾಹನ ಹೆಸರನ್ನು ಮೂರು ಸಲ ಹೇಳಿದ.

"ಅಬ್ಬಬ್ಬ, ಈ ಕೈ!" ಎಂದು ತರಕಾರಿಯವಳು ಅಮ್ಮನ ಕೈ ಹಿಡಿಯಲು ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಕಂಬ ಬಿಟ್ಟರೆ ಕೈ. ಜನಕ್ಕೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು.

ಅಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ದೂರ ನಿಲ್ಲೇ! ನಿನಗೆ ಹೋದ ವರ್ಷ ಮುಂಗೈ ಉಳುಕಿದಾಗ ಒಳಗೆ ಯಾರು ಕೂರಿಸಿದ್ದು?"

"ನೀವೇ."

"ಯಾವ ಕಂಬ ಹಿಡಿದಿದ್ದೆ?"

"ಮಂಚದ ಕಾಲು..." ಎಂದ ತರಕಾರಿಯವಳ ಮುಖದಲ್ಲಿ ಯೋಚನೆ ಮೂಡಿತು. ಅದು ಯಾವ ಕಡೆಗೆ ಹೋಗುತ್ತಿದೆ ಎಂಬುದು ಅಮ್ಮನಿಗೆ ತಕ್ಷಣ ಗೊತ್ತಾಯಿತು. "ಮಂಚಕ್ಕೂ ಕೈ ಮುಗಿಯೋಕೆ ಹೊರಟೆಯಾ? ಈ ಊರಿನ ಅರ್ಧ ಜನ ಹೆಂಗಸರು. ನಲವತ್ತು ವರ್ಷ ಅವರ ಕೀಲು ಕಂಬ ಇಲ್ಲದೆ ಕೂತಿಲ್ವಾ? ಎಳೆಯೋಳು ನಾನು, ಕೂರಿಸೋನು ಮೇಲಿರೋ ಅವನು. ನಡುವೆ ಮರಕ್ಕೇನು ಕೆಲಸ? ಈಗ ಇವನ ಹೆಗಲಿಗೆ ಶಾಖ ಕೊಡಬೇಕು, ಬಿಸಿನೀರು ಕಾಯಿಸಬೇಕು, ಮನೇಲಿ ಸೌದೆ ಇಲ್ಲ. ಮುಷ್ಟಿಯಲ್ಲಿ ಏನು ಮುಚ್ಚಿಟ್ಕೊಂಡಿದ್ದೀರೋ ಎಲ್ಲಾ ತಂದು ಒಲೆ ಮುಂದೆ ಹಾಕಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋವಿನಲ್ಲಿರುವವನ ಬಿಸಿನೀರಿಗೆ ಸೌದೆ ಕೊಡುವುದಿಲ್ಲ ಎನ್ನುವುದು ಹೇಗೆ? ಮೊದಲು ಗಾಡಿಯವನ ಹೆಂಡತಿ ಬಂದು ತನ್ನ ಚೂರು ಹಾಕಿದಳು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮೊಂಡು ಕಂಬವನ್ನು ಪಕ್ಕದ ಮನೆಯವರು ಬುಡಸಮೇತ ಕಿತ್ತು, ಕೊಡಲಿ ಬಿಡಿಸಿ, ಸೀಳಿಕೊಟ್ಟರು. ಚೆನ್ನಾಗಿ ಒಣಗಿದ ಮರ, ಹೊಗೆಯಿಲ್ಲದೆ ಉರಿಯಿತು. ಕೀಲುಮಾಮ ಹೆಗಲ ಮೇಲೆ ಬಿಸಿಬಟ್ಟೆ ಹಾಕಿಸಿಕೊಂಡು ಹಾಯೆನಿಸಿ ಕಣ್ಣು ಮುಚ್ಚಿದ.

"ನೋಡಿದ್ರಾ," ಎಂದ ಕ್ಷೌರದವನು ಬಾಗಿಲಲ್ಲಿ ನಿಂತು, "ಕೊನೆಗೂ ಕಂಬದಿಂದಲೇ ಗುಣ ಆಯ್ತು."

"ಹಾಗಾದ್ರೆ ನಾಳೆಯಿಂದ ಒಲೆ ತಬ್ಕೋ" ಎಂದಳು ಅಮ್ಮ.

ಹೆಗಲು ಮೂರು ವಾರ ಅಲ್ಲಾಡಬಾರದು. ಕೀಲುಮಾಮನ ಬಲಗೈಯನ್ನು ಎದೆಗೆ ಕಟ್ಟಿಯಾಯಿತು. ಆದರೆ ಗಾಡಿಯವನ ಮೊಣಕೈಗೆ ಮೂರು ವಾರದ ಪುರುಸೊತ್ತಿರಲಿಲ್ಲ. ಐದು ದಿನ ಎಣ್ಣೆ, ಶಾಖ ಕೊಟ್ಟು ಬಿಗಿತ ಸಡಿಲಿಸಿದರು. ಆರನೇ ದಿನ ಬೆಳಿಗ್ಗೆ ಅಮ್ಮ, "ಇವತ್ತು ಆಗ್ಬೇಕು" ಎಂದಳು. ಗಾಡಿಯವನ ಹೆಂಡತಿ ತೋಳು ಹಿಡಿಯುವುದು, ಅಮ್ಮ ಮುಂಗೈ ಎಳೆಯುವುದು ಎಂದಾಯಿತು. ಗಾಡಿಯವನು ಏನು ಹಿಡಿಯುವುದು?

ಅಂಗಳದಲ್ಲಿ ಕಂಬ ಕಿತ್ತ ಗುಂಡಿ ಇತ್ತು. ಅಮ್ಮ ಕಕ್ಕಸಿನ ಕಡೆ ನೋಡಿದಳು. ಗಾಡಿಯವನ ಮುಖ ಸಣ್ಣದಾಯಿತು.

"ನನ್ನನ್ನ ಹಿಡ್ಕೋ" ಎಂದ ಕೀಲುಮಾಮ.

ಹೆಂಡತಿ ಒಳಗಿನಿಂದ ಇಣುಕಿದಳು. ಅವನು ಅವಳ ಕಡೆ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಹಿಮ್ಮಡಿಯನ್ನು ನೆಲಕ್ಕೆ ಊರಿ, ಕಟ್ಟಿದ ಕೈಯನ್ನು ಆಚೆ ಬದಿಗೆ ತಿರುಗಿಸಿ ಕೂತ. ಗಾಡಿಯವನು ಸಂಕೋಚದಿಂದ ಅವನ ಸೊಂಟ ತಬ್ಬಿದ.

"ಗಟ್ಟಿಯಾಗಿ ಹಿಡ್ಕೋ. ಏನೇ ಆದ್ರೂ ಬಿಡ್ಬೇಡ" ಎಂದ ಕೀಲುಮಾಮ. ಹೇಳಿದ ಮೇಲೆ ಅದು ಅಬ್ಬಾನ ದನಿಯಂತೆ ಕೇಳಿಸಿ ಅವನಿಗೇ ಆಶ್ಚರ್ಯವಾಯಿತು.

ಅಮ್ಮ ಕೈ ಹಾಕಿದಳು. ಬಿಗಿದ ಮಾಂಸ ಹರಿಯಿತು. ಗಾಡಿಯವನು ಕಿರುಚಿ ಕೀಲುಮಾಮನ ಪಕ್ಕೆಗೆ ಉಗುರು ಇಳಿಸಿದ. ಅಮ್ಮನ ಎಳೆತ ಒಂದು ಕೂದಲಷ್ಟು ಒಳಕ್ಕೆ ಜಾಸ್ತಿಯಾಗಿದೆ ಎಂದು ಕೀಲುಮಾಮನಿಗೆ ಅನಿಸಿತು. ಕಟ್ಟಿದ ಬೆರಳುಗಳು ತಾವಾಗಿಯೇ ಆಡಿದವು. "ಅಮ್ಮಾ, ಸ್ವಲ್ಪ ಹೊರಗೆ..."

"ಕಂಬ ಮಾತಾಡಬಾರದು" ಎಂದಳು ಅಮ್ಮ.

ಕೀಲುಮಾಮ ಹಿಮ್ಮಡಿಯನ್ನು ಇನ್ನಷ್ಟು ಊರಿದ. ಸ್ವಲ್ಪ ಹೊತ್ತಿನ ಮೇಲೆ, ಅವನು ಹೇಳಿದ್ದೇ ಸರಿ ಎಂಬುದು ಯಾರಿಗೂ ತಿಳಿಯದಂತೆ, ಅಮ್ಮ ಕೂದಲಷ್ಟು ಹೊರಗೆ ತಿರುಗಿಸಿ ಎಳೆದಳು. ದೊಡ್ಡ ಸದ್ದೇನೂ ಆಗಲಿಲ್ಲ. ತೂತಿನೊಳಗೆ ಅಗುಳಿ ಜಾರಿದ ಹಾಗೆ ಮೊಣಕೈ ಒಳಗೆ ಇಳಿಯಿತು.

ಗಾಡಿಯವನು ಬೆವರಿ ಒದ್ದೆಯಾಗಿದ್ದ. ನಿಧಾನವಾಗಿ ಮುಂಗೈ ಎತ್ತಿದ. ನಡುಗುತ್ತಾ, ನಿಲ್ಲುತ್ತಾ ಅದು ಎದೆ ದಾಟಿತು, ಗದ್ದಕ್ಕೆ ಬಂತು. ಬೆರಳ ತುದಿ ತುಟಿಗೆ ತಾಕಿತು. ಅವನ ಹೆಂಡತಿ ಜೋರಾಗಿ ಅತ್ತುಬಿಟ್ಟಳು. ಗಾಡಿಯವನು ಅಮ್ಮನ ಕಾಲಿಗೆ ಬಗ್ಗಲು ಹೋಗಿ, ಅವಳ ಕಣ್ಣು ಕಂಡು ನಡುವೆಯೇ ನಿಂತು, ಮುಖವನ್ನು ಮೇಲಕ್ಕೆತ್ತಿ ಏನೋ ಹೇಳಿಕೊಂಡ. ಆಮೇಲೆ ಕೀಲುಮಾಮನ ಕಡೆ ತಿರುಗಿದ.

ಕೀಲುಮಾಮ ಕಾದ. ಕಾಯಬಾರದು ಎಂದುಕೊಳ್ಳುತ್ತಲೇ ಕಾದ.

"ನಿಮ್ಮ ಸೊಂಟ ಗಟ್ಟಿಯಾಗಿದೆ ಮಾಮಾ, ಹಿಡಿಯೋಕೆ ಚೆನ್ನಾಗಿದೆ" ಎಂದು ಹೇಳಿ ಗಾಡಿಯವನು ಮೂಗೊರೆಸಿಕೊಂಡು ಹೆಂಡತಿಯ ಜೊತೆ ಹೊರಟುಹೋದ.

ಇರುವೆ ಕಚ್ಚಿದಷ್ಟು ಉರಿಯಿತು. ಸುಳ್ಳೇಕೆ, ಉರಿಯಿತು. ಹೆಂಡತಿ ಒಂದು ಲೋಟ ನೀರು ತಂದು ಅವನ ಎಡಗೈಗೆ ಕೊಟ್ಟು, "ಊಟ ಸೇರುತ್ತಾ ಇವತ್ತು?" ಎಂದಳು.

ಕೀಲುಮಾಮ ನೀರು ಕುಡಿದು, ಪಕ್ಕೆಯ ಉಗುರುಗಾಯ ಸವರಿಕೊಂಡು ಯೋಚಿಸಿದ. "ಅರ್ಧ ಸೇರುತ್ತೆ" ಎಂದ. "ಇನ್ನರ್ಧಕ್ಕೆ ಸ್ವಲ್ಪ ದಿನ ಹಿಡಿಯುತ್ತೆ."

ಬೇಲಿಯ ಹತ್ತಿರ ಯಾರೋ ಕುಂಟಿಕೊಂಡು ಬರುತ್ತಿರುವುದು ಕಂಡಿತು. ಅಮ್ಮ ಟವೆಲು ಕೊಡವಿ, "ಕೂತ್ಕೊಳೋ, ಸರಿಯಾಗಿ ಕೂತ್ಕೋ" ಎಂದಳು. ಕೀಲುಮಾಮ ಲೋಟ ಪಕ್ಕಕ್ಕಿಟ್ಟು, ಬೆನ್ನನ್ನು ಗೋಡೆಗೆ ಒತ್ತಿ, ಹಿಮ್ಮಡಿ ಊರಿದ.